ಸರ್ ಸಿ. ವಿ. ರಾಮನ್ ಅವರ ಜೀವನ: ವಿದ್ಯಾರ್ಥಿಗಳಿಗೂ ಅಧಿಕಾರಿಗಳಿಗೂ ಒಂದು ಪಾಠ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ನಗರದ ಪಶ್ಚಿಮ ಭಾಗದ ಅನೇಕ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ನಡೆಯುವುದುಂಟು. ರಾಜಾಜಿನಗರವಾಗಲಿ, ವಿಜಯನಗರವಾಗಲಿ, ಬಸವೇಶ್ವರನಗರವಾಗಲಿ, ಕೆಂಗೇರಿಯಾಗಲಿ, ಮಗನೋ ಮಗಳೋ ಭೌತಶಾಸ್ತ್ರವನ್ನೇ ಓದಿ ಸಂಶೋಧನೆಯಲ್ಲಿ ತೊಡಗುವೆನೆಂದು ಹೇಳಿದೊಡನೆ, ಅದರಿಂದ ಅನ್ನ ಹುಟ್ಟುವುದೇ ಎಂಬ ಪ್ರಶ್ನೆ ತಂದೆಯ ಬಾಯಿಂದ ಬರುತ್ತದೆ. ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಸಂಸಾರಸ್ಥನಿಗೆ ಅದು ಸಹಜವಾದ ಚಿಂತೆ. ಆದರೆ ಈ ಪ್ರಶ್ನೆಗೆ ಒಬ್ಬ ಮಹನೀಯರು ತಮ್ಮ ಇಡೀ ಜೀವಿತದಿಂದ ಉತ್ತರ ಕೊಟ್ಟಿದ್ದಾರೆ. ಅವರು ಬಾಳಿದ ಪಂಚವಟಿ ಎಂಬ ಮನೆ ರಾಜಾಜಿನಗರಕ್ಕೆ ನೆರೆಯ ಮಲ್ಲೇಶ್ವರದಲ್ಲಿಯೇ ಇದೆ. ಸರ್ ಚಂದ್ರಶೇಖರ ವೆಂಕಟರಾಮನ್ ಅವರ ಹೆಸರನ್ನು ಕೇಳದ ವಾಚಕರಿಲ್ಲ. ಆದರೆ ಅವರು ಯಾವ ಮಾರ್ಗದಿಂದ ಸಂಶೋಧಕರಾದರೆಂಬುದನ್ನು ತಿಳಿದವರು ಕಡಿಮೆ. ಅವರ ಪ್ರತಿಭೆಯನ್ನು ಹೊಗಳಿ ಕೈಮುಗಿದು ಸುಮ್ಮನಾಗುವುದು ಸುಲಭ. ಅವರಿಗೆ ಬಾಗಿಲು ತೆರೆದವರು ಯಾರು, ಅವರು ಯಾರಿಗೆ ಬಾಗಿಲು ತೆರೆದರು, ಯಾರಿಗೆ ತೆರೆಯಲು ಹಿಂಜರಿದರು ಎಂಬುದನ್ನು ವಿಚಾರಿಸಿದರೆ ನಮಗೆ ಹೆಚ್ಚು ಪ್ರಯೋಜನವುಂಟು.

ರಾಮನ್ನರು ೧೮೮೮ನೆಯ ನವೆಂಬರ್ ೭ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅವರು ಗಣಿತ ಭೌತಶಾಸ್ತ್ರಗಳ ಅಧ್ಯಾಪಕರು. ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ಪುಸ್ತಕಗಳಿದ್ದುವು. ವೀಣೆ ಪಿಟೀಲುಗಳ ನಾದವಿತ್ತು. ಬಾಲಕನು ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಮುಗಿಸಿ, ೧೯೦೩ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದನು. ೧೯೦೪ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ಮೊದಲನೆಯ ಸ್ಥಾನವೂ ಭೌತಶಾಸ್ತ್ರದ ಚಿನ್ನದ ಪದಕವೂ ದೊರೆತುವು. ೧೯೦೭ರ ಆರಂಭದಲ್ಲಿ ಎಂ. ಎ. ಆಯಿತು.

ಇಲ್ಲಿಯೇ ಮೊದಲನೆಯ ಬಾಗಿಲು ತೆರೆಯಿತು. ಕಾಲೇಜಿನ ಆಚಾರ್ಯ ಜೋನ್ಸ್ ಅವರು ಈ ಹುಡುಗನಿಗೆ ಪಾಠದ ಕೊಠಡಿಯಲ್ಲಿ ಕುಳಿತು ಕೇಳಬೇಕಾದುದೇನೂ ಇಲ್ಲವೆಂಬುದನ್ನು ಕಂಡುಕೊಂಡು, ಹಾಜರಿಯ ಕಟ್ಟುಪಾಡನ್ನು ಸಡಿಲಿಸಿ, ಪ್ರಯೋಗಶಾಲೆಯಲ್ಲಿ ಮನಬಂದಂತೆ ಕೆಲಸಮಾಡಲು ಬಿಟ್ಟರು. ಅಶ್ರಗದ ಕೋನವನ್ನು ಅಳೆಯುವ ಸಾಧಾರಣವಾದ ಪ್ರಯೋಗವನ್ನು ಎಲ್ಲ ವಿದ್ಯಾರ್ಥಿಗಳೂ ಮಾಡುತ್ತಾರೆ. ಅದನ್ನು ಮಾಡುತ್ತಿರುವಾಗ, ಅಶ್ರಗದ ಮೈಯಿಂದ ಓರೆಯಾಗಿ ಹೊಮ್ಮಿದ ಬೆಳಕಿನ ಪಟ್ಟೆಗಳು ಎರಡು ಪಕ್ಕಗಳಲ್ಲಿಯೂ ಸಮನಾಗಿಲ್ಲವೆಂಬುದನ್ನು ರಾಮನ್ನರು ಗಮನಿಸಿದರು. ಪುಸ್ತಕದಲ್ಲಿ ಅದಕ್ಕೆ ವಿವರಣೆಯಿರಲಿಲ್ಲ. ತಾವೇ ಲೆಕ್ಕಹಾಕಿ, ಪ್ರಯೋಗಮಾಡಿ, ಬರೆದು ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಗೆ ಕಳುಹಿಸಿದರು. ೧೯೦೬ರ ನವೆಂಬರಿನಲ್ಲಿ ಅದು ಅಚ್ಚಾದಾಗ ಬರೆದವರಿಗೆ ಹದಿನೆಂಟು ವರ್ಷ. ಕಣ್ಣಿಗೆ ಬಿದ್ದ ವಿಷಯವನ್ನು ಬಿಡದೆ ಹಿಡಿಯುವುದು, ಹಿಡಿದುದನ್ನು ತಡಮಾಡದೆ ಬರೆದು ಪ್ರಕಟಿಸುವುದು, ಈ ಎರಡು ಅಭ್ಯಾಸಗಳು ಅಂದಿನಿಂದಲೇ ಅವರಲ್ಲಿ ಬೇರೂರಿದುವು.

ಆದರೆ ಆ ಕಾಲದಲ್ಲಿ ಸಂಶೋಧನೆಯೆಂಬ ಉದ್ಯೋಗವು ಭಾರತೀಯನಿಗೆ ಇರಲೇ ಇಲ್ಲವೆನ್ನಬಹುದು. ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗುವ ಆಲೋಚನೆ ಬಂದಿತು. ಈ ಕೃಶದೇಹವು ಅಲ್ಲಿನ ಚಳಿಯನ್ನು ತಾಳಲಾರದೆಂದು ಮದರಾಸಿನ ಸಿವಿಲ್ ಸರ್ಜನ್ನರು ತೀರ್ಪು ಕೊಟ್ಟರು. ಉಳಿದದ್ದು ಸರ್ಕಾರಿ ನೌಕರಿ. ರಾಮನ್ನರು ಹಣಕಾಸಿನ ಇಲಾಖೆಯ ಪರೀಕ್ಷೆಗೆ ಕುಳಿತು ಮೊದಲನೆಯವರಾಗಿ ತೇರ್ಗಡೆ ಹೊಂದಿದರು. ೧೯೦೭ರಲ್ಲಿ ಲೋಕಸುಂದರಿ ಅಮ್ಮಾಳ್ ಅವರನ್ನು ವಿವಾಹವಾಗಿ, ಅದೇ ವರ್ಷ ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಅಧಿಕಾರ ವಹಿಸಿದರು. ಹತ್ತೊಂಬತ್ತು ತುಂಬುವುದರೊಳಗೆ ಇಂತಹ ಹುದ್ದೆ ದೊರೆತರೆ ಯಾವ ತಂದೆತಾಯಿಗಳು ಹಿಗ್ಗುವುದಿಲ್ಲ? ಸಾಮಾನ್ಯರ ಕಥೆಯಾಗಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು.

ಕಲ್ಕತ್ತೆಯ ಬೌಬಜಾರ್ ಬೀದಿಯ ೨೧೦ನೆಯ ಸಂಖ್ಯೆಯ ಕಟ್ಟಡದ ಮೇಲೆ, ಭಾರತೀಯ ವಿಜ್ಞಾನ ಸಂವರ್ಧನ ಸಂಘವೆಂಬ ಫಲಕವೊಂದು ತೂಗುತ್ತಿದ್ದಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ೧೮೭೬ರಲ್ಲಿ ಜನರಿಂದ ಚಂದಾ ಎತ್ತಿ ಕಟ್ಟಿದ ಸಂಸ್ಥೆಯದು. ಉಪನ್ಯಾಸಗಳು ನಡೆಯುತ್ತಿದ್ದುವು, ಉಪಕರಣಗಳಿದ್ದುವು. ಆದರೆ ಸಂಶೋಧನೆಗೆಂದು ಬಂದು ಕುಳಿತುಕೊಳ್ಳುವವರಿರಲಿಲ್ಲ. ಆ ಕೊರಗಿನಲ್ಲಿಯೇ ಸರ್ಕಾರ್ ಅವರು ೧೯೦೪ರಲ್ಲಿ ಕಾಲವಾದರು. ಟ್ರಾಮಿನಲ್ಲಿ ಹೋಗುತ್ತಿದ್ದ ರಾಮನ್ನರಿಗೆ ಒಂದು ದಿನ ಆ ಫಲಕ ಕಾಣಿಸಿತು. ಇಳಿದು ಹೋಗಿ ಬಾಗಿಲು ತಟ್ಟಿದರು. ತೆರೆದವರು ಅಶುತೋಷ ದೇ ಎಂಬ ಸಹಾಯಕರು. ಮುಂದೆ ಅನೇಕ ವರ್ಷಗಳ ಕಾಲ ಅವರೇ ರಾಮನ್ನರ ಪ್ರಯೋಗಗಳಿಗೆ ಬಲಗೈಯಾದರು. ಸಂಘದ ಕಾರ್ಯದರ್ಶಿಗಳಾಗಿದ್ದ ಅಮೃತಲಾಲ್ ಸರ್ಕಾರ್ ಅವರು, ತಮ್ಮ ತಂದೆ ಕಾದಿದ್ದ ಮನುಷ್ಯ ಇವನೇ ಎಂದು ಭಾವಿಸಿ, ಪ್ರಯೋಗಶಾಲೆಯನ್ನೇ ಒಪ್ಪಿಸಿಬಿಟ್ಟರು. ಅರ್ಜಿಯಿಲ್ಲ, ಶಿಫಾರಸಿಲ್ಲ, ಸಂದರ್ಶನವಿಲ್ಲ.

ಅಲ್ಲಿಂದ ಹತ್ತು ವರ್ಷಗಳ ಕಾಲ ನಡೆದ ದಿನಚರಿಯನ್ನು ನಮ್ಮ ತರುಣರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೆಳಗಿನ ಜಾವ ಸಂಘದ ಪ್ರಯೋಗಶಾಲೆ. ಹತ್ತು ಗಂಟೆಗೆ ಕಛೇರಿ. ಸಂಜೆ ಐದಕ್ಕೆ ಮತ್ತೆ ಪ್ರಯೋಗಶಾಲೆ. ರಾತ್ರಿ ಬಹಳ ಹೊತ್ತಾದ ಮೇಲೆ ಮನೆ. ರಜೆಯ ದಿನವೆಲ್ಲ ಅಲ್ಲಿಯೇ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ಅಲ್ಲಿ ಸಂಘವಿಲ್ಲದೆ ಹೋದಾಗ ಮನೆಯೇ ಪ್ರಯೋಗಶಾಲೆಯಾಯಿತು. ೧೯೧೧ರಲ್ಲಿ ಕಲ್ಕತ್ತೆಗೆ ಮರಳಿದರು. ಕಛೇರಿಯ ಲೆಕ್ಕಪತ್ರಗಳಲ್ಲಿಯೂ ಅವರು ಹಿಂದುಳಿದವರಲ್ಲವೆಂಬುದನ್ನು ಅಧಿಕಾರಿವರ್ಗದ ವಾಚಕರು ಗಮನಿಸಬೇಕು. ಮೇಲಧಿಕಾರಿಗಳು ಅವರನ್ನು ಬಿಟ್ಟುಕೊಡಲು ಇಷ್ಟಪಡುತ್ತಿರಲಿಲ್ಲ.

ಆ ಕಾಲದ ಅವರ ಸಂಶೋಧನೆಯ ಬಹುಭಾಗ ನಾದವನ್ನು ಕುರಿತದ್ದು. ಪಿಟೀಲು, ವೀಣೆ, ತಂಬೂರಿ, ತಬಲ, ಮೃದಂಗ ಇವೆಲ್ಲ ಅವರ ಮೇಜಿನ ಮೇಲೆ ಬಂದುವು. ಸಾಮಾನ್ಯವಾದ ಚರ್ಮವಾದ್ಯವನ್ನು ಬಡಿದರೆ ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳು ಅದಕ್ಕೆ ಹೊಂದದೆ ಕೇವಲ ಸದ್ದಾಗುತ್ತದೆ. ಮೃದಂಗದ ಬಲಮುಖದ ನಡುವೆ ಮೆತ್ತುವ ಕಪ್ಪು ಕರಣೆಯು ಚರ್ಮದ ತೂಕವನ್ನು ತಕ್ಕಂತೆ ಹಂಚಿ, ಮೊದಲ ಕೆಲವು ಉಪಸ್ವರಗಳನ್ನು ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಕ್ರಮಕ್ಕೆ ತರುವುದರಿಂದಲೇ ಅದರಲ್ಲಿ ಶ್ರುತಿ ಹುಟ್ಟುತ್ತದೆಂಬುದನ್ನು ಅವರು ತೋರಿಸಿಕೊಟ್ಟರು. ಹೆಸರರಿಯದ ನಮ್ಮ ಕುಶಲಿಗಳು ಕಿವಿಯ ಪ್ರಮಾಣದಿಂದ ಕಂಡುಕೊಂಡಿದ್ದುದಕ್ಕೆ ಹೀಗೆ ಶಾಸ್ತ್ರದ ಮನ್ನಣೆ ದೊರೆಯಿತು. ಸಂಶೋಧನೆಗೆ ವಿಷಯವನ್ನು ದೂರದಿಂದ ತರಬೇಕಾಗಿಲ್ಲ. ಮನೆಯ ಗೋಡೆಗೆ ಒರಗಿಸಿಟ್ಟ ವಾದ್ಯದಲ್ಲಿಯೂ ಅದು ಅಡಗಿರುತ್ತದೆ.

ಎರಡನೆಯ ದೊಡ್ಡ ಬಾಗಿಲನ್ನು ತೆರೆದವರು ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಸರ್ ಅಶುತೋಷ ಮುಖರ್ಜಿಯವರು. ಸರ್ ತಾರಕನಾಥ ಪಾಲಿತರು ಕೊಟ್ಟ ದಾನದಿಂದ ಅಲ್ಲಿ ಭೌತಶಾಸ್ತ್ರದ ಪೀಠವೊಂದು ಸ್ಥಾಪಿತವಾಗಿತ್ತು. ಅದನ್ನು ಅಲಂಕರಿಸುವವನು ಹೊರದೇಶದಲ್ಲಿ ತರಬೇತಿ ಪಡೆದಿರಬೇಕೆಂಬುದು ನಿಯಮ. ರಾಮನ್ನರು ಎಂ. ಎ. ಗಿಂತ ಮೇಲಿನ ಪರೀಕ್ಷೆಯನ್ನು ಮುಗಿಸಿದವರಲ್ಲ, ಕಡಲು ದಾಟಿ ಓದಿದವರಲ್ಲ. ತರಬೇತಿಗಾಗಿ ಹೊರಗೆ ಹೋಗಲು ಅವರು ಒಪ್ಪಲೂ ಇಲ್ಲ. ಮುಖರ್ಜಿಯವರು ಮನುಷ್ಯನನ್ನು ನಿಯಮಕ್ಕಾಗಿ ಬಿಡದೆ, ನಿಯಮವನ್ನು ಮನುಷ್ಯನಿಗಾಗಿ ಬಿಡಿಸಿದರು. ೧೯೧೭ರ ಜುಲೈ ತಿಂಗಳಲ್ಲಿ ರಾಮನ್ನರು ಪ್ರಾಧ್ಯಾಪಕರಾದರು. ಹೊಸ ಸಂಬಳವು ಹಳೆಯದರ ಸುಮಾರು ಅರ್ಧದಷ್ಟು. ಪಿಂಚಣಿಯ ಭರವಸೆಯುಳ್ಳ ನೌಕರಿಯನ್ನು ಬಿಟ್ಟು ಅರ್ಧ ಸಂಬಳಕ್ಕೆ ಹೋಗುವವನನ್ನು ಬಂಧುಗಳು ಹೇಗೆ ನೋಡುತ್ತಾರೆಂಬುದನ್ನು ನಾವು ಹೇಳಬೇಕಾಗಿಲ್ಲ. ಆದರೆ ಇದು ಹುಡುಗಾಟದ ಸಾಹಸವಾಗಿರಲಿಲ್ಲ. ಹತ್ತು ವರ್ಷಗಳ ದುಡಿಮೆಯಿಂದ ತಮ್ಮ ಶಕ್ತಿಯನ್ನು ತಾವೇ ತೂಗಿ ನೋಡಿಕೊಂಡ ಮೇಲೆ ಇಟ್ಟ ಹೆಜ್ಜೆಯದು.

೧೯೨೧ರಲ್ಲಿ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕಾಗಿ ಅವರು ಇಂಗ್ಲೆಂಡಿಗೆ ಹೋದರು. ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿ ಬಣ್ಣವು ಅವರ ಮನಸ್ಸನ್ನು ಸೆಳೆಯಿತು. ಅದು ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರೇಲಿಯವರಂತಹ ಮಹಾಪಂಡಿತರು ಹೇಳಿದ್ದರು. ರಾಮನ್ನರು ಜೇಬಿನಲ್ಲಿ ಇಟ್ಟುಕೊಂಡಿದ್ದ ನಿಕಲ್ ಅಶ್ರಗವನ್ನು ಕಣ್ಣಿಗೆ ಹಿಡಿದು, ಮೇಲ್ಮೈಯ ಪ್ರತಿಬಿಂಬವನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಮತ್ತಷ್ಟು ಸ್ಪಷ್ಟವಾಯಿತು. ನೀರಿನ ಅಣುಗಳೇ ಬೆಳಕನ್ನು ಚೆದುರಿಸುತ್ತವೆಂದು ನಿಶ್ಚಯಿಸಿ, ಮುಂಬಯಿಯ ಬಂದರನ್ನು ಮುಟ್ಟಿದೊಡನೆಯೇ ನೇಚರ್ ಪತ್ರಿಕೆಗೆ ಲೇಖನ ಕಳುಹಿಸಿದರು. ಆ ಪ್ರಶ್ನೆಯ ಬೆನ್ನುಹತ್ತಿ ಏಳು ವರ್ಷ ಕಳೆದುವು.

ದ್ರವದೊಳಕ್ಕೆ ಒಂದೇ ಬಣ್ಣದ ಬೆಳಕನ್ನು ಬಿಟ್ಟರೆ ಚೆದುರಿದ ಬೆಳಕೂ ಅದೇ ಬಣ್ಣದ್ದಾಗಿರಬೇಕು. ೧೯೨೩ರಲ್ಲಿ ಅವರ ಶಿಷ್ಯರಾದ ಕೆ. ಆರ್. ರಾಮನಾಥನ್ ಅವರಿಗೆ ಬೇರೆ ಬಣ್ಣದ ಅತಿ ಕ್ಷೀಣವಾದ ಬೆಳಕೊಂದು ಕಾಣಿಸಿತು. ದ್ರವದ ಕಲ್ಮಷದಿಂದ ಹಾಗಾಗುವುದೆಂದು ಮತ್ತೆ ಮತ್ತೆ ಶುದ್ಧಮಾಡಿದರೂ ಅದು ಹೋಗಲಿಲ್ಲ. ಸರ್ಕಾರಿ ಪರೀಕ್ಷಾಲಯದಲ್ಲಿ ಉದ್ಯೋಗದಲ್ಲಿದ್ದುಕೊಂಡು ಬಿಡುವಿನ ವೇಳೆಯಲ್ಲಿ ಸಂಘಕ್ಕೆ ಬರುತ್ತಿದ್ದ ವೆಂಕಟೇಶ್ವರನ್ ಎಂಬವರು ಗ್ಲಿಸರಿನ್ನಿನಲ್ಲಿ ನೀಲಿಗೆ ಬದಲಾಗಿ ಹಸುರು ಬೆಳಕನ್ನು ಕಂಡರು. ೧೯೨೮ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ರಾಮನ್ನರು ಹಗಲಿರುಳೂ ದುಡಿದರು. ಫೆಬ್ರವರಿ ೨೮ರಂದು ವಿಷಯ ನಿಸ್ಸಂಶಯವಾಯಿತು. ಬೆಳಕು ಅಣುವಿಗೆ ತಾಗಿದಾಗ, ಸುಮಾರು ಕೋಟಿಗೊಂದು ಪಾಲು ಮಾತ್ರ, ಅಣುವಿಗೆ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕೊಟ್ಟೋ ಅದರಿಂದ ಪಡೆದೋ ಬಣ್ಣ ಬದಲಿಸಿ ಹೊರಬರುತ್ತದೆ. ಆ ಬದಲಾವಣೆಯ ಮೊತ್ತವು ಒಂದೊಂದು ವಸ್ತುವಿಗೆ ಒಂದೊಂದು ಬಗೆ. ಆದುದರಿಂದ ಅದು ವಸ್ತುವಿನ ಬೆರಳಚ್ಚಿನಂತೆ. ಲೇಸರ್ ಬೆಳಕು ಬಂದ ಮೇಲೆ ಔಷಧಗಳ ಪರೀಕ್ಷೆಯಿಂದ ಹಿಡಿದು ರತ್ನಗಳ ಪರೀಕ್ಷೆಯವರೆಗೆ ಇದು ಬಳಕೆಗೆ ಬಂದಿದೆ. ೧೯೮೭ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತಿರುವುದನ್ನು ವಾಚಕರು ಬಲ್ಲರು.

ಮರುದಿನವೇ ವೃತ್ತಪತ್ರಿಕೆಗಳಿಗೆ ಸುದ್ದಿ ಹೋಯಿತು. ಮಾರ್ಚ್ ೧೬ರಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ರಾಮನ್ನರು ಈ ಹೊಸ ವಿಕಿರಣವನ್ನು ಕುರಿತು ವಿಸ್ತಾರವಾಗಿ ಉಪನ್ಯಾಸ ಮಾಡಿದುದು ನಮ್ಮ ಬೆಂಗಳೂರಿನಲ್ಲಿಯೇ. ಅದನ್ನು ಕೂಡಲೇ ಅಚ್ಚುಹಾಕಿಸಿ ಲೋಕದ ವಿಜ್ಞಾನಿಗಳಿಗೆಲ್ಲ ಕಳುಹಿಸಿದರು. ಈ ತ್ವರೆಗೆ ಕಾರಣವುಂಟು. ಅದೇ ದಿನಗಳಲ್ಲಿ ಮಾಸ್ಕೋ ನಗರದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳೂ ಹರಳುಗಳಲ್ಲಿ ಇದೇ ವಿದ್ಯಮಾನವನ್ನು ಕಂಡಿದ್ದರು, ಪ್ರಕಟಣೆಯಲ್ಲಿ ಹಿಂದಾದರು. ೧೯೩೦ರ ನೊಬೆಲ್ ಪಾರಿತೋಷಕವು ರಾಮನ್ನರೊಬ್ಬರಿಗೇ ಬಂದಿತು. ವಿಜ್ಞಾನದಲ್ಲಿ ಅದನ್ನು ಪಡೆದ ಏಷ್ಯಾ ಖಂಡದವರಲ್ಲಿ ಅವರೇ ಮೊದಲಿಗರು. ಮೊದಲನೆಯ ಲೇಖನದಲ್ಲಿ ಕೃಷ್ಣನ್ನರ ಹೆಸರೂ ಇದ್ದಿತೆಂಬುದನ್ನು ಇಲ್ಲಿ ಮರೆಯುವುದು ನ್ಯಾಯವಲ್ಲ.

೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೆ ಬಂದ ಮೊದಲನೆಯ ಭಾರತೀಯರು ಅವರೇ. ಅಲ್ಲಿ ಭೌತಶಾಸ್ತ್ರ ವಿಭಾಗವನ್ನು ತೆರೆದರು. ನಾಗೇಂದ್ರನಾಥರೊಡನೆ ಶಬ್ದದ ಅಲೆಗಳಿಂದ ಬೆಳಕು ಬಾಗುವ ಬಗೆಯನ್ನು ವಿವರಿಸಿದ ಸಿದ್ಧಾಂತವು ಈ ಊರಿನ ಕೊಡುಗೆ. ಹಿಟ್ಲರನ ಹಾವಳಿಯಿಂದ ದೇಶಬಿಟ್ಟಿದ್ದ ಮಾಕ್ಸ್ ಬಾರ್ನ್ ಅವರನ್ನು ೧೯೩೫ರಲ್ಲಿ ಇಲ್ಲಿಗೆ ಕರೆತಂದರು. ಅವರನ್ನು ಇಲ್ಲಿಯೇ ನಿಲ್ಲಿಸಿಕೊಳ್ಳಬೇಕೆಂಬ ಯತ್ನ ಮಾತ್ರ ಫಲಿಸಲಿಲ್ಲ. ರಾಮನ್ನರಿಗೆ ಭೌತಶಾಸ್ತ್ರದ ಮೇಲಿನ ಪಕ್ಷಪಾತವೆಂದೂ ಮಾತು ಕಠಿಣವೆಂದೂ ಇತರ ವಿಭಾಗದವರು ದೂರಿದರು. ವಿಚಾರಣೆಗೆ ಸಮಿತಿಯೊಂದು ನೇಮಕವಾಯಿತು. ೧೯೩೭ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಟ್ಟು, ೧೯೪೮ರವರೆಗೆ ಪ್ರಾಧ್ಯಾಪಕರಾಗಿಯೇ ಉಳಿದರು. ತಪ್ಪು ಒಂದೇ ಕಡೆಯದೆಂದು ಹೇಳಲಾಗದು.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ೧೯೩೩ರಲ್ಲಿ ಮುಂಬಯಿಯ ಪದವಿ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ಕನ್ಯೆ ಆ ಮಂದಿರಕ್ಕೆ ಅರ್ಜಿ ಹಾಕಿದರು. ಹೆಂಗಸೆಂಬ ಕಾರಣದಿಂದ ರಾಮನ್ನರು ಅವರನ್ನು ನಿರಾಕರಿಸಿದರು. ಆಕೆ ಹಿಂದೆಗೆಯದೆ ಎದುರು ನಿಂತು ವಾದಿಸಿದ ಮೇಲೆ, ಒಂದು ವರ್ಷದ ಪರೀಕ್ಷಾವಧಿಯೆಂಬ ಷರತ್ತಿನೊಡನೆ ಸೇರಿಸಿಕೊಂಡರು. ಆ ವರ್ಷ ಕಳೆಯುವುದರೊಳಗೆ ಅವರ ಮನಸ್ಸು ಬದಲಾಯಿತು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಕಮಲಾ ಸೊಹೊನಿ ಎಂದು ಮುಂದೆ ಪ್ರಸಿದ್ಧರಾದ ಜೀವರಸಾಯನ ಶಾಸ್ತ್ರಜ್ಞೆ ಇವರೇ. ತನಗಾಗಿ ನಿಯಮವನ್ನು ಬಿಡಿಸಿಕೊಂಡವನೂ ಮತ್ತೊಬ್ಬರ ಮುಂದೆ ನಿಯಮದ ಅಗಳಿ ಹಾಕಿ ನಿಲ್ಲಬಲ್ಲನೆಂಬುದಕ್ಕೆ ಇದೇ ನಿದರ್ಶನ. ತಪ್ಪನ್ನು ತಿದ್ದಿಕೊಂಡುದು ರಾಮನ್ನರ ಹೆಗ್ಗಳಿಕೆ. ಆ ತಿದ್ದುವಿಕೆಯ ಫಲವಾಗಿ ೧೯೪೦ರಲ್ಲಿ ಅನ್ನಾ ಮಣಿಯವರು ಅವರ ಪ್ರಯೋಗಶಾಲೆಯನ್ನು ಸೇರಿ, ವಜ್ರಗಳ ಪ್ರಕಾಶವನ್ನು ಕುರಿತು ಐದು ವರ್ಷ ದುಡಿದು ಪ್ರಬಂಧ ಬರೆದರು. ಆದರೆ ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಆಕೆಗೆ ಡಾಕ್ಟರೇಟ್ ಪದವಿ ಸಿಗಲಿಲ್ಲ. ಅಲ್ಲಿ ಒಬ್ಬ ಅಶುತೋಷ ಮುಖರ್ಜಿ ಇರಲಿಲ್ಲ. ಆಕೆ ಅಂಜದೆ ಹವಾಮಾನ ಶಾಸ್ತ್ರಕ್ಕೆ ಹೋಗಿ, ದೇಶದ ಹವಾಮಾನ ಉಪಕರಣಗಳ ನಿರ್ಮಾಣಕ್ಕೆ ಅಡಿಪಾಯ ಹಾಕಿದರು.

ವಿದ್ಯುಚ್ಛಕ್ತಿಯ ಇಂಜಿನಿಯರಿಂಗ್ ಓದಲು ಬಂದಿದ್ದ ಜಿ. ಎನ್. ರಾಮಚಂದ್ರನ್ ಅವರನ್ನು ರಾಮನ್ನರು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಪ್ರೋಟೀನುಗಳ ರಚನೆಯನ್ನು ಅರಿಯುವವರು ಇಂದಿಗೂ ಆ ರಾಮಚಂದ್ರನ್ನರ ನಕ್ಷೆಯನ್ನು ಬಳಸುತ್ತಾರೆ. ವಿಕ್ರಮ ಸಾರಾಭಾಯಿಯವರು ವಿಶ್ವಕಿರಣಗಳ ಕೆಲಸವನ್ನು ಆರಂಭಿಸಿದುದೂ ಈ ಮಂದಿರದಲ್ಲಿಯೇ. ನಮ್ಮವರ ಲೇಖನಗಳು ನಮ್ಮ ದೇಶದಲ್ಲಿಯೇ ಅಚ್ಚಾಗಬೇಕೆಂದು ೧೯೩೪ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಮೈಸೂರು ಸರ್ಕಾರವು ಅದಕ್ಕೆ ಕೊಟ್ಟ ಹನ್ನೊಂದು ಎಕರೆ ಭೂಮಿಯ ಮೇಲೆ ೧೯೪೮ರಲ್ಲಿ ರಾಮನ್ ಸಂಶೋಧನ ಮಂದಿರವು ಎದ್ದಿತು. ಮೊದಮೊದಲು ಅಲ್ಲಿ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ಕಿಟಕಿಯಿಂದ ಬರಮಾಡಿಕೊಂಡ ಬಿಸಿಲಿನ ಕೋಲನ್ನೂ ನಾಲ್ಕಾರು ಮಸೂರಗಳನ್ನೂ ಇಟ್ಟುಕೊಂಡು ಅರುವತ್ತು ವರ್ಷದ ವೃದ್ಧರು ಪ್ರಯೋಗ ಮಾಡಿದರು. ೧೯೪೯ರಲ್ಲಿ ನಮ್ಮ ರಾಜಾಜಿನಗರದ ಬಡಾವಣೆಗೆ ಅಡಿಗಲ್ಲು ಬಿದ್ದಾಗ, ಕೆಲವೇ ಮೈಲಿಗಳಾಚೆ ನಡೆಯುತ್ತಿದ್ದ ಕೆಲಸವಿದು.

೧೯೫೩ರಲ್ಲಿ ಹತ್ತೊಂಬತ್ತರ ಪ್ರಾಯದ ಪಂಚರತ್ನಂ ಎಂಬ ಯುವಕನು ಆ ಮಂದಿರವನ್ನು ಸೇರಿದನು. ಧ್ರುವೀಕರಿಸಿದ ಬೆಳಕನ್ನು ಕುರಿತು ೧೯೫೬ರಲ್ಲಿ ಅವನು ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಲೇಖನದ ಮಹತ್ವವು ಸುಮಾರು ಮೂವತ್ತು ವರ್ಷ ಲೋಕದ ಗಮನಕ್ಕೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಮೈಕೇಲ್ ಬೆರ್ರಿಯವರು ೧೯೮೪ರಲ್ಲಿ ತಮ್ಮ ಪ್ರಸಿದ್ಧ ಸಿದ್ಧಾಂತವನ್ನು ಪ್ರಕಟಿಸಿದ ಮೇಲೆ, ಅದರ ಮುಖ್ಯವಾದ ಮೊಳಕೆ ಬೆಂಗಳೂರಿನ ಆ ಲೇಖನದಲ್ಲಿಯೇ ಇತ್ತೆಂಬುದು ಬೆಳಕಿಗೆ ಬಂದಿತು. ಆ ವೇಳೆಗೆ ಪಂಚರತ್ನಂ ಇರಲಿಲ್ಲ; ೧೯೬೯ರಲ್ಲಿಯೇ ಮೂವತ್ತೈದನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು. ಸಂಶೋಧನೆಯ ಫಲವು ಬಿತ್ತಿದವನ ಕಣ್ಣಿಗೆ ಬೀಳಲೇಬೇಕೆಂಬ ನಿಯಮವಿಲ್ಲ.

ಸರ್ಕಾರದ ಹಣವನ್ನು ತೆಗೆದುಕೊಂಡರೆ ಸರ್ಕಾರದ ಕಟ್ಟಳೆಗೆ ತಲೆಬಾಗಬೇಕಾಗುವುದೆಂಬ ಭಯದಿಂದ ರಾಮನ್ನರು ತಮ್ಮ ಮಂದಿರವನ್ನು ಸ್ವಂತ ಗಳಿಕೆಯಿಂದಲೂ ದಾನಿಗಳ ನೆರವಿನಿಂದಲೂ ನಡೆಸಿದರು. ಇದರಿಂದ ಸ್ವಾತಂತ್ರ್ಯ ಉಳಿಯಿತು; ಮಂದಿರ ಚಿಕ್ಕದಾಗಿಯೇ ಉಳಿಯಿತು. ಹೂಗಳ ಬಣ್ಣವನ್ನೂ ಕಣ್ಣಿನ ದೃಷ್ಟಿಯನ್ನೂ ಕುರಿತ ಅವರ ಕೊನೆಗಾಲದ ವಿಚಾರಗಳನ್ನು ವಿದ್ವಾಂಸರು ಹೆಚ್ಚಾಗಿ ಒಪ್ಪಲಿಲ್ಲ. ೧೯೫೪ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ೧೯೭೦ರ ಅಕ್ಟೋಬರ್ ೨ರಂದು ಗಾಂಧೀ ಸ್ಮಾರಕ ಉಪನ್ಯಾಸವನ್ನು ಕೊಟ್ಟುದೇ ಕೊನೆಯದಾಯಿತು. ನವೆಂಬರ್ ೨೧ರಂದು ಅವರು ಕಾಲವಾದರು. ಅವರ ಅಪೇಕ್ಷೆಯಂತೆ ಮಂದಿರದ ತೋಟದಲ್ಲಿಯೇ ದಹನವಾಯಿತು. ಅಲ್ಲಿ ಗೋರಿಯಿಲ್ಲ, ಮಂಟಪವಿಲ್ಲ; ಒಂದು ಮರವಿದೆ. ತಮ್ಮ ಆಸ್ತಿಯನ್ನೆಲ್ಲ ವಿಜ್ಞಾನದ ಕಾರ್ಯಕ್ಕೇ ಬಿಟ್ಟಿದ್ದರು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಭೌತಶಾಸ್ತ್ರದಿಂದ ಇಂದು ಅನ್ನ ಹುಟ್ಟುತ್ತದೆ. ಆದರೆ ತಡವಾಗಿ ಹುಟ್ಟುತ್ತದೆ. ಬಿ. ಎಸ್‌ಸಿ., ಎಂ. ಎಸ್‌ಸಿ. ಆದ ಮೇಲೆ ಐದಾರು ವರ್ಷ ಪ್ರಬಂಧದ ದುಡಿಮೆ, ಆ ಮೇಲೆ ಎರಡು ಮೂರು ಕಡೆ ತಾತ್ಕಾಲಿಕ ಹುದ್ದೆ, ಆನಂತರವೇ ಸ್ಥಿರವಾದ ಜಾಗ. ಅದೂ ಎಲ್ಲರಿಗೂ ಸಿಗದು. ಇದನ್ನು ಮಕ್ಕಳಿಂದ ಮರೆಮಾಚುವುದು ತಪ್ಪು. ಆದರೆ ರಾಮನ್ನರಿಗೆ ಇರದಿದ್ದ ಅನುಕೂಲವೂ ಇಂದಿನವರಿಗಿದೆ. ಸಂಶೋಧನೆಗೆ ವೇತನವುಂಟು, ಕೆಂಗೇರಿಯ ದಾರಿಯಲ್ಲಿ ಜ್ಞಾನಭಾರತಿಯುಂಟು, ಯಶವಂತಪುರದ ಬದಿಯಲ್ಲಿ ವಿಜ್ಞಾನ ಮಂದಿರವುಂಟು. ಹುಡುಗನ ಅಥವಾ ಹುಡುಗಿಯ ಒಲವು ನಿಜವೋ ಬರಿಯ ಉತ್ಸಾಹವೋ ಎಂಬುದನ್ನು ತಂದೆತಾಯಿಗಳು ಅಂಕಪಟ್ಟಿಯಿಂದ ಅಳೆಯಬಾರದು. ಯಾರೂ ಹೇಳದೆ ಇದ್ದರೂ ಬೆಳಗಿನ ಜಾವ ಎದ್ದು ಆ ಕೆಲಸಕ್ಕೆ ಕೂಡುವ ಮಗುವಾದರೆ, ತಡೆಯುವುದು ಬೇಡ. ಬೇರೆ ನೌಕರಿಯಲ್ಲಿದ್ದವರೂ ನಿರಾಶರಾಗಬೇಕಾಗಿಲ್ಲ. ಅಕೌಂಟೆಂಟ್ ಜನರಲ್ ಕಛೇರಿಯ ಅಧಿಕಾರಿಯ ಉದಾಹರಣೆ ಕಣ್ಣ ಮುಂದಿದೆ.

ನಮ್ಮ ಕೊನೆಯ ಮಾತು ಅಧಿಕಾರಿಗಳಿಗೆ. ರಾಮನ್ನರ ಹಿಂದೆ ಜೋನ್ಸ್, ಅಶುತೋಷ ದೇ, ಅಮೃತಲಾಲ್ ಸರ್ಕಾರ್, ಅಶುತೋಷ ಮುಖರ್ಜಿ ಎಂಬ ನಾಲ್ವರು ನಿಂತಿದ್ದಾರೆ. ಅವರಲ್ಲಿ ಯಾರೊಬ್ಬರು ಅಂದು ನಿಯಮವನ್ನು ತೋರಿಸಿ ಕೈಚೆಲ್ಲಿದ್ದರೂ, ಬಹುಶಃ ಒಬ್ಬ ಒಳ್ಳೆಯ ಲೆಕ್ಕಾಧಿಕಾರಿ ಪಿಂಚಣಿ ಪಡೆದು ನಿವೃತ್ತನಾಗುತ್ತಿದ್ದನು, ಅಷ್ಟೆ. ವಿದ್ಯಾರ್ಥಿವೇತನದ ಕಾಗದವು ಇಂದಿಗೂ ಯಾವುದೋ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗುವುದುಂಟು. ಉಪಕರಣದ ಅರ್ಜಿಯು ಸಹಿಗಾಗಿ ಕಾಯುವುದುಂಟು. ಯಾವುದೋ ಒಂದು ಪ್ರಮಾಣಪತ್ರವಿಲ್ಲವೆಂದು ಯೋಗ್ಯನು ಹಿಂದಿರುಗುವುದುಂಟು. ಮೇಜಿನ ಈಚೆ ಕುಳಿತವರು, ಎದುರು ನಿಂತವರ ಕಣ್ಣನ್ನೊಮ್ಮೆ ನೋಡಲಿ. ನಿಯಮವು ಅನರ್ಹರನ್ನು ತಡೆಯುವುದಕ್ಕಾಗಿ ಹುಟ್ಟಿತೇ ಹೊರತು ಅರ್ಹರನ್ನು ತಡೆಯುವುದಕ್ಕಲ್ಲ. ಫೆಬ್ರವರಿ ೨೮ರಂದು ಭಾವಚಿತ್ರಕ್ಕೆ ಹಾರ ಹಾಕುವುದಕ್ಕಿಂತ, ಅಂದೇ ಅಂತಹ ಒಂದು ಕಾಗದಕ್ಕೆ ಸಹಿ ಹಾಕುವುದು ಆ ಮಹನೀಯರಿಗೆ ಸಲ್ಲಿಸುವ ಹೆಚ್ಚಿನ ಗೌರವವೆಂಬುದು ನಮ್ಮ ಅಭಿಪ್ರಾಯ.